ಈರುಳ್ಳಿಯವರು, ಹತ್ತಿಯವರು

ಬೀರೂರಿನಿಂದ ಗಂಡಿನ ಕಡೆಯವರು ಅಜ್ಜಂಪುರದ ಮಲ್ಲಿಕಾರ್ಜುನಯ್ಯನವರ ಮನೆಗೆ ಹೆಣ್ಣು ನೋಡಲು ಬಂದಾಗ, ಆ ಕಾಲದ ರೂಢಿಯಂತೆ ಹುಡುಗಿಗೆ ಒಂದು ಹಾಡು ಹೇಳು ಎಂದರು. ದಾಕ್ಷಾಯಣಿ ಹಾರ್ಮೋನಿಯಂ ಮುಂದೆ ಕೂತು ವಚನ ಹಾಡಿದಳು. ಬಂದವರೆಲ್ಲ ತಲೆದೂಗಿದರು. ಗಂಡು ಜಯದೇವಪ್ಪ ಮಾತ್ರ ಉಪ್ಪಿಟ್ಟಿನ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು, ಹಾರ್ಮೋನಿಯಮ್ಮಿನ ಹಿಂಭಾಗದಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದ. ಹುಡುಗ ಸಂಕೋಚದವನು ಎಂದು ಎಲ್ಲರೂ ಮೆಚ್ಚಿಕೊಂಡರು. ಗಂಡಿಗೆ ಹಾಡು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳುವ ಪದ್ಧತಿಯೇ ಇರಲಿಲ್ಲ. ಮುಂದೆ ದಾಕ್ಷಾಯಣಮ್ಮ ಈ ಪದ್ಧತಿಯನ್ನು ನೆನೆಸಿಕೊಂಡಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದಳು.

ಇದು ಎಪ್ಪತ್ಮೂರನೇ ಇಸವಿಯ ಮಾತು. ಜಯದೇವಪ್ಪನಿಗೆ ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿಯಿತ್ತು. ಮದುವೆ, ಸಭೆ, ಸಮಾರಂಭಗಳಿಗೆ ಮೈಕ್ ಸೆಟ್ಟನ್ನೂ ಅವನೇ ಕೊಡುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಯನ್ನು ಗದರಿದ್ದಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೂ ಒಂದು ಗಂಟೆ ಒಳಗೇ ಕೂತಿರುತ್ತಿದ್ದ. ಕೆಲಸ ಜಾಸ್ತಿ ಇರಬೇಕು ಎಂದು ದಾಕ್ಷಾಯಣಿ ಅಂದುಕೊಂಡಿದ್ದಳು.

ಮದುವೆಯಾದ ಮೇಲಿನ ಮೊದಲ ಯುಗಾದಿಗೆ ಇಬ್ಬರೂ ಅಜ್ಜಂಪುರಕ್ಕೆ ಹೋದರು. ಜಯದೇವಪ್ಪ ಜೊತೆಯಲ್ಲಿ ಒಂದು ಉದ್ದನೆಯ ಮರದ ಪೆಟ್ಟಿಗೆ ತಂದಿದ್ದ. ಅದರಲ್ಲಿ ರೇಡಿಯೋ ಸಾಮಾನಿರಬೇಕು ಎಂದುಕೊಂಡು ಅವಳು ಕೇಳಲೂ ಇಲ್ಲ. ಹಬ್ಬದೂಟ ಮುಗಿದ ಮೇಲೆ ಮಲ್ಲಿಕಾರ್ಜುನಯ್ಯನವರು ಪದ್ಧತಿಯಂತೆ ಹಾಡಲು ಕೂತರು. ಅವರು ಈರುಳ್ಳಿ, ಕಡಲೆಕಾಯಿ ವ್ಯಾಪಾರದವರು. ಆದರೆ ಅವರ ಹೆಸರಿದ್ದದ್ದು ಕಂಠಕ್ಕೆ. ಮಠದಲ್ಲಿ ಯಾವ ಕಾರ್ಯಕ್ರಮವಾದರೂ ಮೊದಲು ಅವರ ವಚನ ಗಾಯನವಾಗಲೇಬೇಕಿತ್ತು. ಎರಡು ವಚನ ಹಾಡಿ, ವೀಳ್ಯ ಹಾಕಿಕೊಂಡು, ಬರೀ ಮರ್ಯಾದೆಗೆ, ಅಳಿಯಂದಿರೂ ಏನಾದರೂ ಹೇಳಬಹುದು ಎಂದರು.

ಅಳಿಯಂದಿರು ಎದ್ದುಹೋಗಿ ಪೆಟ್ಟಿಗೆ ತಂದರು. ಒಳಗಿದ್ದದ್ದು ಬುಲ್‌ಬುಲ್ ತರಂಗ್. ಉದ್ದಕ್ಕೆ ತಂತಿ, ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಯಲ್ಲಿ ಗುಂಡಿ ಒತ್ತುತ್ತಾ ಬಲಗೈಯಲ್ಲಿ ತಂತಿ ಮೀಟಬೇಕು. ಜಯದೇವಪ್ಪ ಅದಕ್ಕೊಂದು ವೈರು ಸಿಕ್ಕಿಸಿ ಮಾವನವರ ದೊಡ್ಡ ರೇಡಿಯೋಗೆ ಜೋಡಿಸಿದ. ರೇಡಿಯೋ ಒಮ್ಮೆ ಗೊರಗುಟ್ಟಿತು. ಆಮೇಲೆ ಅವನು ಕಣ್ಣು ಮುಚ್ಚಿ, ಜನರ ಕಡೆಗಲ್ಲದೆ ರೇಡಿಯೋ ಕಡೆಗೆ ಓರೆಯಾಗಿ ಕೂತು ಹಾಡಿದ:

ಈರುಳ್ಳಿ ಬಿಡಿಸ್ದೆ, ಒಳಗೊಂದು ಈರುಳ್ಳಿ,
ಅದನ್ನೂ ಬಿಡಿಸ್ದೆ, ಅದರೊಳಗೂ ಈರುಳ್ಳಿ,
ಬಿಡಿಸ್ತಾ ಬಿಡಿಸ್ತಾ ಏನೂ ಉಳೀಲಿಲ್ಲ,
ಕಣ್ಣೀರು ಮಾತ್ರ ಯಾರದಂತ ತಿಳೀಲಿಲ್ಲ.

ಆ ದನಿಯನ್ನು ಹೇಗೆ ಹೇಳುವುದು? ಅದು ಮೂಗಿನಿಂದ ಹೊರಡುತ್ತಿತ್ತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ರೈಲುಹಳಿಯ ಪಕ್ಕದ ಕಾಲುದಾರಿಯಂತೆ ಶ್ರುತಿಯ ಜೊತೆಜೊತೆಗೇ ಸಾಗುತ್ತಿತ್ತು, ಆದರೆ ಎಲ್ಲೂ ಶ್ರುತಿಯನ್ನು ಮುಟ್ಟುತ್ತಿರಲಿಲ್ಲ. ಕೊನೆಯ ಸಾಲಿಗೆ ಮುಂಚೆ ಒಂದು ಕಡೆ ಅವನು ಸುಮ್ಮನಾಗುತ್ತಿದ್ದ. ಹಾಡು ಮುಗಿಯಿತು ಎಂದು ಜನ ನೆಮ್ಮದಿಯಿಂದ ಕಾಲು ನೀಡುವಷ್ಟು ಹೊತ್ತು ಬಿಟ್ಟು, ಮತ್ತೆ ಶುರುಮಾಡುತ್ತಿದ್ದ.

ದಾಕ್ಷಾಯಣಿಯ ಚಿಕ್ಕಪ್ಪ ಎಮ್ಮೆಗೆ ನೀರಿಡಬೇಕೆಂದು ಎದ್ದುಹೋದರು. ಮನೆಯಲ್ಲಿ ಎಮ್ಮೆ ಇರಲಿಲ್ಲ. ಮಲ್ಲಿಕಾರ್ಜುನಯ್ಯನವರು ವೀಳ್ಯ ಜಗಿಯುವುದನ್ನೇ ಮರೆತು ಕೂತಿದ್ದರು. ಹಾಡು ನಿಜವಾಗಿಯೂ ಮುಗಿದ ಮೇಲೆ ಮಗಳನ್ನು ಪಕ್ಕಕ್ಕೆ ಕರೆದು, ಅಳಿಯಂದಿರಿಗೆ ಶೀತವೇನಾದರೂ ಆಗಿದೆಯೇ ಎಂದು ವಿಚಾರಿಸಿದರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ತಾಯಿ ತೀರ್ಥಮ್ಮ ಅಲ್ಲಿಂದ ಕದಲಿರಲಿಲ್ಲ. ಸೌಟಿನಿಂದ ಪಾಯಸ ತೊಟ್ಟಿಕ್ಕಿ ನೆಲವೆಲ್ಲ ಅಂಟಾಗಿತ್ತು.

ಇದು ಮನೆಯೊಳಗೇ ಉಳಿದಿದ್ದರೆ ದಾಕ್ಷಾಯಣಮ್ಮ ಹೇಗೋ ಸಂಭಾಳಿಸುತ್ತಿದ್ದಳು. ಆದರೆ ಎಪ್ಪತ್ತಾರರ ಗಣಪತಿ ಹಬ್ಬದಲ್ಲಿ ಬೀರೂರಿನ ಪೆಂಡಾಲಿಗೆ ಬರಬೇಕಿದ್ದ ಆರ್ಕೆಸ್ಟ್ರಾದವರಿಗೆ ರೈಲು ತಪ್ಪಿತು. ಜನ ಸೇರಿದ್ದರು. ಮೈಕ್ ಸೆಟ್ಟು ಜಯದೇವಪ್ಪನದು, ಅವನು ಅಲ್ಲೇ ಇದ್ದ. ಯಾರಾದರೂ ಏನಾದರೂ ಹಾಡಿ, ಇಲ್ಲದಿದ್ದರೆ ಜನ ಎದ್ದುಹೋಗುತ್ತಾರೆ ಎಂದು ಸಮಿತಿಯವರು ಅಂಗಲಾಚಿದರು. ಜಯದೇವಪ್ಪ ಪೆಟ್ಟಿಗೆ ತರಿಸಿದ.

ಮೊದಲ ಸಾಲಿಗೇ ಪೆಂಡಾಲು ನಗಲು ಶುರುಮಾಡಿತು. ಎರಡನೆಯ ಸಾಲಿಗೆ ಶಿಳ್ಳೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಎದ್ದುಬಂದು, ಎಲ್ಲರನ್ನೂ ದಾಟಿ, ವೇದಿಕೆಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವನು ತಿಮ್ಮರಾಯಪ್ಪ, ಎಮ್ಮೆದೊಡ್ಡಿ ಕಡೆಯವನು, ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಆಳು ಬಾಗಿಲಷ್ಟು ಅಗಲ. ಅವನು ತಿರುಗಿ ಒಮ್ಮೆ ನೋಡಿದ್ದಕ್ಕೇ ಮುಂದಿನ ಸಾಲುಗಳಲ್ಲಿ ನಗು ನಿಂತಿತು. ಹಾಡಿನ ಕೊನೆಗೆ ನೋಡಿದರೆ ಆ ಆಸಾಮಿ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ, ಇನ್ನೊಂದ್ಸಲ ಹೇಳಣ್ಣಾ ಎನ್ನುತ್ತಿದ್ದ.

ಅದೇ ಹೊತ್ತಿಗೆ ಹಿಂದುಗಡೆ ಇನ್ನೊಂದು ಸಂಗತಿ ನಡೆಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಬಸವರಾಜಪ್ಪನವರಿಗೆ ಆ ವಾರ ಕಿವಿನೋವು. ಜೇಬಿನಲ್ಲಿ ಹತ್ತಿಯ ಸುರುಳಿ ಇಟ್ಟುಕೊಂಡೇ ಬಂದಿದ್ದರು. ಈರುಳ್ಳಿ ಹಾಡು ಎರಡನೆಯ ಸಲ ಶುರುವಾದಾಗ ಅವರು ಹತ್ತಿ ತೆಗೆದು ನೋವಿಲ್ಲದ ಕಿವಿಗೂ ಇಟ್ಟುಕೊಂಡರು. ಪಕ್ಕದವರು ಕೈ ಚಾಚಿದರು. ಸುರುಳಿ ಕೈಯಿಂದ ಕೈಗೆ ಹೋಗಿ, ಹಿಂದಿನ ಮೂರು ಸಾಲಿನವರ ಕಿವಿಯಲ್ಲೆಲ್ಲ ಬಿಳಿ ಹೂವು ಅರಳಿದಂತೆ ಕಂಡಿತು.

ಅಂದಿನಿಂದ ಊರಿನಲ್ಲಿ ಈರುಳ್ಳಿಯವರು ಮತ್ತು ಹತ್ತಿಯವರು ಎಂದು ಎರಡು ಪಂಗಡವಾಯಿತು. ತರೀಕೆರೆಗೂ ಕಡೂರಿಗೂ ಸುದ್ದಿ ಹೋಗಿ, ಅಲ್ಲಿಯವರೂ ಅವನನ್ನು ಕರೆಸತೊಡಗಿದರು. ಅರ್ಧ ಜನ ಕೇಳಬೇಕೆಂದು, ಅರ್ಧ ಜನ ಇಷ್ಟು ಕೆಟ್ಟದಾಗಿ ಹಾಡಲು ಸಾಧ್ಯವೇ ಎಂದು ಪರೀಕ್ಷಿಸಲು. ನೀರಿಲ್ಲದ ನಲ್ಲಿಯ ಮೇಲೊಂದು, ಬೀರೂರಿನಲ್ಲಿ ಇಳಿಯಬೇಕಾದವನು ನಿದ್ದೆಹೋಗಿ ಬೇರೆ ಊರಿನಲ್ಲಿ ಇಳಿದು ಅಲ್ಲೇ ಸಂಸಾರ ಹೂಡಿದ್ದರ ಮೇಲೊಂದು, ಹೀಗೆ ಜಯದೇವಪ್ಪ ಹೊಸ ಹಾಡು ಕಟ್ಟುತ್ತಲೇ ಇದ್ದ. ಸಿನಿಮಾ ಹಾಡು ಹೇಳಿ ಎಂದು ಯಾರಾದರೂ ಕೂಗಿದರೆ, ಅದನ್ನು ಸಿನಿಮಾದವರೇ ಚೆನ್ನಾಗಿ ಹಾಡಿದ್ದಾರಲ್ಲ ಸ್ವಾಮಿ, ಮತ್ತೆ ನಾನ್ಯಾಕೆ ಎಂದು ವಿನಯದಿಂದಲೇ ಕೇಳುತ್ತಿದ್ದ. ಲಿಂಗದಹಳ್ಳಿಯಲ್ಲಿ ಜಮೀನು ಪಾಲು ಮಾಡಿಕೊಂಡಾಗಲೂ ಜಗಳವಾಡದಿದ್ದ ಅಣ್ಣತಮ್ಮಂದಿರು ನಲ್ಲಿಯ ಹಾಡಿನ ವಿಷಯಕ್ಕೆ ಒಂದು ವರ್ಷ ಮಾತು ಬಿಟ್ಟರು. ಸಂಬಂಧ ಕುದುರಿಸುವವರು ಗಂಡಿನ ಕುಲಗೋತ್ರ ಹೇಳಿದ ಮೇಲೆ, ಹುಡುಗ ಹತ್ತಿಯವನೋ ಈರುಳ್ಳಿಯವನೋ ಎಂಬುದನ್ನೂ ಮೆಲ್ಲಗೆ ತಿಳಿಸುತ್ತಿದ್ದರಂತೆ.

ಇದರ ನಡುವೆ ದಾಕ್ಷಾಯಣಮ್ಮನ ಪಾಡು ಹೇಳತೀರದು. ಬೀದಿ ನಲ್ಲಿಯ ಹತ್ತಿರ ಅರ್ಧ ಹೆಂಗಸರು ಅವಳನ್ನು ಕನಿಕರದಿಂದ ನೋಡುತ್ತಿದ್ದರು, ಇನ್ನರ್ಧ ಹೊಟ್ಟೆಕಿಚ್ಚಿನಿಂದ. ಎರಡರಲ್ಲಿ ಯಾವುದು ಕಷ್ಟ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಗಂಡನ ಮೇಲೆ ಅವಳಿಗೆ ಪ್ರೀತಿಯಿತ್ತು. ಗಂಡನ ದನಿ ಕೇಳಿದರೆ ಹಲ್ಲಿಗೆ ಹುಳಿ ತಗುಲಿದಂತಾಗುತ್ತಿತ್ತು. ಚಿಕ್ಕಂದಿನಿಂದ ಶ್ರುತಿ ಹಿಡಿದು ಬೆಳೆದ ಕಿವಿ, ಅದಕ್ಕೆ ಬುದ್ಧಿ ಹೇಳುವುದು ಹೇಗೆ?

ಒಂದು ದಿನ ತಿಮ್ಮರಾಯಪ್ಪ ಟ್ರಾನ್ಸಿಸ್ಟರ್ ರಿಪೇರಿಗೆಂದು ಮನೆಗೇ ಬಂದಾಗ, ಅವಳು ನೇರವಾಗಿ ಕೇಳಿಯೇ ಬಿಟ್ಟಳು, ಆ ಹಾಡಿನಲ್ಲಿ ನಿನಗೆ ಅಂಥದ್ದೇನು ಕೇಳಿಸುತ್ತದಪ್ಪಾ ಎಂದು.

ತಿಮ್ಮರಾಯಪ್ಪ ಟ್ರಾನ್ಸಿಸ್ಟರನ್ನು ಕೆಳಗಿಟ್ಟ. “ಅಕ್ಕಾ, ನಾನು ದಿನಾ ಹಳಿ ಮೇಲೆ ಒಬ್ನೇ ನಡೀತೀನಿ. ನಡೀವಾಗ ತಲೆ ಒಳಗೆ ಒಂದು ಹಾಡು ಬತ್ತಾ ಇರ್ತದಲ್ಲ, ಅದು ಹಿಂಗೇ ಇರೋದು ಕಣಕ್ಕಾ. ಹೊರಗಡೆ ಯಾರೂ ಹಂಗೆ ಹಾಡಿದ್ದು ನಾನು ಕೇಳಿರ್ಲಿಲ್ಲ.”

ಹೋಟೆಲಿನ ಬಸವರಾಜಪ್ಪನವರನ್ನೂ ಕೇಳಿದಳು. ಅವರು ಬೀರೂರಿರಲಿ, ತರೀಕೆರೆಯಿರಲಿ, ಒಂದು ಕಾರ್ಯಕ್ರಮವನ್ನೂ ತಪ್ಪಿಸುತ್ತಿರಲಿಲ್ಲ. ಮೊದಲ ಸಾಲಿನಲ್ಲೇ ಹತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಅಷ್ಟು ಕಷ್ಟಪಟ್ಟು ಯಾಕೆ ಬರುತ್ತೀರಿ ಎಂದದ್ದಕ್ಕೆ, ಬರದೇ ಹೋದರೆ ಮಾರನೆಯ ದಿನ ಬೈಯುವುದು ಹೇಗೆ ತಂಗೀ ಎಂದು ಅವರೇ ಅವಳನ್ನು ತಿರುಗಿ ಕೇಳಿದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಂದದ್ದು ತವರಿನಿಂದ. ದಾಕ್ಷಾಯಣಮ್ಮನ ಎರಡನೆಯ ಹೆರಿಗೆಗೆ ತೀರ್ಥಮ್ಮ ಬೀರೂರಿಗೆ ಬಂದು ಉಳಿದರು. ಬಾಣಂತಿಗೆ ನೀರೆರೆದು, ಮಗುವನ್ನು ಮಲಗಿಸಿ, ಸಂಜೆಯಾದರೆ ಅಳಿಯಂದಿರಿಗೆ ಕಾಫಿ ಕೊಟ್ಟು ಬರುತ್ತೇನೆ ಎಂದು ಅಂಗಡಿಗೆ ಹೋಗುತ್ತಿದ್ದರು. ಕಾಫಿ ಕೊಡಲು ಅಷ್ಟು ಹೊತ್ತು ಹಿಡಿಯುವುದೇಕೆ ಎಂದು ಅನುಮಾನ ಬಂದು ಒಮ್ಮೆ ದಾಕ್ಷಾಯಣಮ್ಮ ಹಿಂದೆಯೇ ಹೋಗಿ ನೋಡಿದರೆ, ಅವ್ವ ಬಿಚ್ಚಿಹಾಕಿದ ರೇಡಿಯೋಗಳ ನಡುವೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಈರುಳ್ಳಿ ಹಾಡು ಕೇಳುತ್ತಿದ್ದರು.

“ಅವ್ವಾ, ನೀನೂನಾ?” ಎಂದಳು ದಾಕ್ಷಾಯಣಮ್ಮ.

ತೀರ್ಥಮ್ಮ ತಪ್ಪಿತಸ್ಥರಂತೆ ಏನೂ ಕಾಣಲಿಲ್ಲ. “ನಿಮ್ಮಪ್ಪ ಹಾಡ್ತಾ ಇದ್ರೆ ನಂಗೆ ಎದ್ದೋಗಿ ಏನಾದ್ರೂ ಕೆಲಸ ಮಾಡ್ಬೇಕು ಅನ್ಸುತ್ತೆ ಕಣೇ. ಪಾತ್ರೆ ತೊಳಿಬೇಕು, ಬಂದೋರಿಗೆ ಕಾಫಿ ಮಾಡ್ಬೇಕು ಅಂತ. ಇವರು ಹಾಡಿದ್ರೆ ಕೂತ್ಕೋಬೇಕು ಅನ್ಸುತ್ತೆ.”

ಅಪ್ಪ ಹತ್ತಿ, ಅವ್ವ ಈರುಳ್ಳಿ. ಅಜ್ಜಂಪುರದ ಮನೆಯಲ್ಲೂ ಬಿರುಕು ಬಿಟ್ಟಮೇಲೆ ದಾಕ್ಷಾಯಣಮ್ಮ ಒಂದು ತೀರ್ಮಾನಕ್ಕೆ ಬಂದಳು. ರೋಗ ಇರುವುದು ದನಿಯಲ್ಲಿ, ಅದಕ್ಕೆ ಔಷಧಿ ತನ್ನ ಹತ್ತಿರವೇ ಇದೆ. ಗಂಡನಿಗೆ ಶ್ರುತಿ ಕಲಿಸಿಬಿಟ್ಟರೆ ಹತ್ತಿಯವರೂ ಉಳಿಯುವುದಿಲ್ಲ, ಈರುಳ್ಳಿಯವರಿಗೂ ನಷ್ಟವಿಲ್ಲ.

ಹೇಗೆ ಹೇಳುವುದೆಂದು ಒಂದು ವಾರ ತಡವರಿಸಿ, ಕೊನೆಗೆ ಹೇಳಿದಳು. ಅವನು ಬೇಜಾರು ಮಾಡಿಕೊಳ್ಳುತ್ತಾನೆಂಬ ಅವಳ ಭಯ ಸುಳ್ಳಾಯಿತು. ಜಯದೇವಪ್ಪ ಬಹಳ ಉತ್ಸಾಹದಿಂದ, ನನಗೂ ಅದು ಹೆಂಗೆ ಕೆಲಸ ಮಾಡುತ್ತೆ ಅಂತ ತಿಳ್ಕೋಬೇಕು ಅಂತಿತ್ತು ಎಂದ. ಮಾರನೆಯ ಬೆಳಿಗ್ಗೆಯಿಂದಲೇ ಹಾರ್ಮೋನಿಯಂ ಮುಂದೆ ಪಾಠ ಶುರುವಾಯಿತು. ಸಾ ಹಿಡಿಯುವುದಕ್ಕೇ ಒಂದು ಮಳೆಗಾಲ ಹಿಡಿಯಿತು. ರೇಡಿಯೋದಲ್ಲಿ ಸ್ಟೇಷನ್ ಹುಡುಕುವವನ ಹಾಗೆ ಅವನು ಅತ್ತಿತ್ತ ತಿರುಗಿಸಿ ತಿರುಗಿಸಿ, ಸಿಕ್ಕಿದ ಕೂಡಲೇ ಅಲ್ಲಾಡದೆ ನಿಂತುಬಿಡುತ್ತಿದ್ದ. ಆದರೆ ಕಷ್ಟಪಟ್ಟು ಕಲಿತ. ಮೂಗು ಬಿಟ್ಟು ಎದೆಯಿಂದ ಹಾಡುವುದು ಬಂತು. ಕೊನೆಯ ಸಾಲಿಗೆ ಮುಂಚೆ ಸುಮ್ಮನಾಗುವುದನ್ನು ಅವಳು ತೆಗೆಸಿಹಾಕಿದಳು. ತಾಳ ಕೆಡುತ್ತದೆ ಎಂದಳು.

ಎಂಬತ್ತನೇ ಇಸವಿಯಲ್ಲಿ ಅಜ್ಜಂಪುರದಲ್ಲೇ ಕಾರ್ಯಕ್ರಮ ಏರ್ಪಾಡಾಯಿತು. ಮಲ್ಲಿಕಾರ್ಜುನಯ್ಯನವರೇ ಮುಂದೆ ನಿಂತು ಮಾಡಿಸಿದರು. ಬೀರೂರಿನಿಂದ ಈರುಳ್ಳಿಯವರು, ಹತ್ತಿಯವರು ಒಂದೇ ರೈಲಿನಲ್ಲಿ ಬೇರೆಬೇರೆ ಡಬ್ಬಿಯಲ್ಲಿ ಕೂತು ಬಂದರು. ದಾಕ್ಷಾಯಣಮ್ಮ ಮೊದಲ ಸಾಲಿನಲ್ಲಿ ಸೆರಗಿನ ತುದಿ ಹಿಡಿದು ಕೂತಳು.

ಜಯದೇವಪ್ಪ ಚೆನ್ನಾಗಿ ಹಾಡಿದ. ಎಲ್ಲೂ ಅಪಸ್ವರವಿಲ್ಲ. ಈರುಳ್ಳಿ ಹಾಡು ದೇವರ ನಾಮದಷ್ಟು ನಯವಾಗಿ ಬಂತು. ಮಲ್ಲಿಕಾರ್ಜುನಯ್ಯನವರು ತಲೆದೂಗಿದರು. ಅವರೊಬ್ಬರೇ ತಲೆದೂಗಿದ್ದು. ಬಸವರಾಜಪ್ಪನವರು ಎರಡನೆಯ ಹಾಡಿಗೆ ಹತ್ತಿ ತೆಗೆದರು, ಮೂರನೆಯದಕ್ಕೆ ಆಕಳಿಸಿದರು, ನಾಲ್ಕನೆಯದಕ್ಕೆ ರೈಲಿನ ಹೊತ್ತಾಯಿತೆಂದು ಎದ್ದರು. ತಿಮ್ಮರಾಯಪ್ಪ ಕೊನೆಯವರೆಗೂ ಕೂತು, ಹೋಗುವಾಗ ದಾಕ್ಷಾಯಣಮ್ಮನ ಹತ್ತಿರ ಬಂದು, ಅಣ್ಣನಿಗೆ ಮೈ ಹುಷಾರಿಲ್ವೇನಕ್ಕಾ ಎಂದು ಕೇಳಿದ. ಮನೆಗೆ ಬಂದು ನೋಡಿದರೆ ಅಡುಗೆಮನೆಯಲ್ಲಿ ತೀರ್ಥಮ್ಮ ಪಾತ್ರೆ ತೊಳೆಯುತ್ತಿದ್ದರು.

ಆ ಮೇಲೆ ಯಾರೂ ಜಯದೇವಪ್ಪನನ್ನು ಕರೆಯಲಿಲ್ಲ. ಅವನಿಗೂ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಬುಲ್‌ಬುಲ್ ತರಂಗಿನ ಪೆಟ್ಟಿಗೆಯಲ್ಲಿ ರೇಡಿಯೋದ ಹಳೆಯ ವಾಲ್ವುಗಳನ್ನು ಜೋಡಿಸಿಟ್ಟ. ಅಂಗಡಿ ಮುಚ್ಚಿದ ಕೂಡಲೇ ಮನೆಗೆ ಬಂದು ದೊಡ್ಡ ಮಗುವಿಗೆ ಒಂದು ಎರಡು ಹೇಳಿಕೊಡತೊಡಗಿದ. ಮನೆಯಲ್ಲಿ ದಾಕ್ಷಾಯಣಮ್ಮ ಬಯಸಿದ್ದ ನಿಶ್ಶಬ್ದ ಬಂತು. ಒಂದೆರಡು ತಿಂಗಳಲ್ಲಿ ಅದು ಅವಳಿಗೆ ಸಾಕಾಯಿತು. ಯಾಕ್ರೀ ಹಾಡೋದಿಲ್ಲ ಎಂದು ಕೇಳಿದಳು.

“ಸರಿಯಾಗಿ ಹಾಡೋಕೆ ಬಂತಲ್ಲ ಕಣೇ,” ಎಂದ ಅವನು, ದೂರು ಹೇಳುವ ದನಿಯಲ್ಲೇನೂ ಅಲ್ಲ. “ಈಗ ನಾನು ಏನು ಹಾಡಿದ್ರೂ ನಿಮ್ಮಪ್ಪ ಆಗ್ಲೇ ಹಾಡಿದ್ದಾರೆ ಅನ್ಸುತ್ತೆ.”

ಅವಳು ಒಲೆಯ ಕಡೆಗೆ ತಿರುಗಿದಳು. ಅಂದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತು. ಜಯದೇವಪ್ಪ ಮಜ್ಜಿಗೆ ಬೆರೆಸಿಕೊಂಡು ಉಂಡ.

ಎಂಬತ್ತೆರಡರ ರಾಜ್ಯೋತ್ಸವಕ್ಕೆ ಕಡೂರಿನಲ್ಲಿ ದೊಡ್ಡ ಆರ್ಕೆಸ್ಟ್ರಾ ಬರುತ್ತದೆಂದು ಗಂಡ ಹೆಂಡತಿ, ಬೀರೂರಿಗೆ ಬಂದಿದ್ದ ತೀರ್ಥಮ್ಮ ಮೂವರೂ ಬಸ್ಸಿನಲ್ಲಿ ಹೋದರು. ಸಂಜೆ ಬೆಳಕಿರುವಾಗಲೇ ಶುರುವಾಯಿತು. ನಾಲ್ಕಾರು ಸಿನಿಮಾ ಹಾಡಾದ ಮೇಲೆ ಒಬ್ಬ ಮಿಮಿಕ್ರಿ ಮಾಡುವವನು ಬಂದ. ರೈಲಿನ ಕೂಗು, ಕೋಳಿ, ರಾಜಕಾರಣಿಯ ಭಾಷಣ ಎಲ್ಲ ಮಾಡಿದ. ಆಮೇಲೆ ಮೂಗು ಹಿಡಿದುಕೊಂಡು, ಜನರಿಗೆ ಓರೆಯಾಗಿ ನಿಂತು, ಕಣ್ಣು ಮುಚ್ಚಿ, ಈರುಳ್ಳಿ ಬಿಡಿಸ್ದೆ ಎಂದು ಎಳೆದ.

ಮೈದಾನ ಬಿದ್ದು ಬಿದ್ದು ನಕ್ಕಿತು. ಜಯದೇವಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ದಾಕ್ಷಾಯಣಮ್ಮನಿಗೂ ಮೊದಲು ನಗು ಬಂತು. ಆದರೆ ಕೇಳುತ್ತಾ ಕೇಳುತ್ತಾ ಅವಳ ಕಿವಿ ಕೆಲಸ ಶುರುಮಾಡಿತು. ಇದು ತಪ್ಪು, ಅವರು ಅಲ್ಲಿ ಎಳೆಯುವುದಿಲ್ಲ. ಅದೂ ತಪ್ಪು, ಅಲ್ಲಿ ಅಷ್ಟು ಕೆಳಗೆ ಹೋಗುವುದಿಲ್ಲ. ಅಪಸ್ವರಕ್ಕೂ ಒಂದು ದಾರಿಯಿತ್ತು, ಅದು ತನಗೆ ಬಾಯಿಪಾಠವಾಗಿತ್ತು ಎಂಬುದು ಅವಳಿಗೆ ಆಗ ಗೊತ್ತಾಯಿತು. ಕೊನೆಯ ಸಾಲಿಗೆ ಮುಂಚೆ, ಜಯದೇವಪ್ಪ ಸುಮ್ಮನಾಗುತ್ತಿದ್ದ ಜಾಗದಲ್ಲಿ, ಮಿಮಿಕ್ರಿಯವನು ಅಂಗಿಯ ತೋಳಿಗೆ ಜೋರಾಗಿ ಮೂಗು ಸೀಟಿದ.

ದಾಕ್ಷಾಯಣಮ್ಮ ಎದ್ದಳು. ಎಲ್ಲಿಗೆ ಎಂದು ಗಂಡ ಕೇಳುವಷ್ಟರಲ್ಲಿ ಅರ್ಧ ಮೈದಾನ ದಾಟಿದ್ದಳು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ವೇದಿಕೆಯ ಮೆಟ್ಟಿಲು ಹತ್ತುವುದನ್ನು ಕಂಡು, ಮಗು ಕಳೆದುಹೋಗಿರಬೇಕೆಂದು ಸಮಿತಿಯವರು ದಾರಿ ಬಿಟ್ಟರು. ಅವಳು ನೆಟ್ಟಗೆ ಮಿಮಿಕ್ರಿಯವನ ಹತ್ತಿರ ಹೋಗಿ, “ಅಲ್ಲಿ ಮೂಗು ಸೀಟೋದಿಲ್ಲಪ್ಪ. ಅಲ್ಲಿ ಸುಮ್ನಿರಬೇಕು,” ಎಂದಳು.

ಮೈಕು ಚೆನ್ನಾಗಿತ್ತು. ಮಾತು ಕಡೂರಿಗೆಲ್ಲ ಕೇಳಿಸಿತು.

ಹುಡುಗ ಒಳ್ಳೆಯವನೇ. ಪೆಚ್ಚಾಗಿ, ಹಾಗಾದರೆ ಹೇಗೆ ಹೇಳಬೇಕಮ್ಮ ಎಂದು ಮೈಕು ಅವಳ ಕೈಗೆ ಕೊಟ್ಟುಬಿಟ್ಟ. ದಾಕ್ಷಾಯಣಮ್ಮ ಮೈಕು ಹಿಡಿದು ಒಮ್ಮೆ ಕೆಳಗಿನ ಮೈದಾನ ನೋಡಿದಳು. ವೇದಿಕೆಯಂತೂ ಏರಿಯಾಗಿತ್ತು. ಹಾಡಿದಳು. ಹೆಣ್ಣು ನೋಡಲು ಬಂದವರ ಮುಂದೆ ಹಾಡಿದಷ್ಟೇ ಇಂಪಾಗಿ ಬಂತು. ಒಗ್ಗರಣೆಗೆ ಸಕ್ಕರೆ ಬಿದ್ದ ಹಾಗಿತ್ತು. ಎರಡನೆಯ ಸಾಲಿಗೆ ಅವಳಿಗೇ ತಡೆಯಲಾಗಲಿಲ್ಲ. ಹಾಡು ನಿಲ್ಲಿಸಿ, ಮೊದಲು ಅವಳೇ ನಕ್ಕಳು, ಆಮೇಲೆ ಮೈಕಿನಲ್ಲೇ ಕರೆದಳು: “ರೀ, ಬನ್ನಿ ಇಲ್ಲಿ. ನಂಗೆ ಬರಲ್ಲ ಇದು.”

ಜಯದೇವಪ್ಪ ಬಂದ. ಪೆಟ್ಟಿಗೆಯಿಲ್ಲ, ತಂತಿಯಿಲ್ಲ. ಅಭ್ಯಾಸಬಲದಿಂದ ಎದೆಯುಬ್ಬಿಸಿ, ಶ್ರುತಿ ಹಿಡಿದು ಮೊದಲ ಸಾಲು ಎತ್ತಿಕೊಂಡ. ಪಕ್ಕದಲ್ಲಿ ನಿಂತಿದ್ದ ದಾಕ್ಷಾಯಣಮ್ಮ ಮೆಲ್ಲಗೆ, “ಹಂಗಲ್ಲ,” ಎಂದಳು. ಅವನು ಅವಳ ಮುಖ ನೋಡಿದ. ಆಮೇಲೆ ಸ್ವಲ್ಪ ಓರೆಯಾಗಿ ತಿರುಗಿ, ಕಣ್ಣು ಮುಚ್ಚಿ, ದನಿಯನ್ನು ಅದರ ಪಾಡಿಗೆ ಬಿಟ್ಟ. ಅದು ಹಳಿ ಬಿಟ್ಟು ಕಾಲುದಾರಿಗೆ ಇಳಿಯಿತು.

ಮೈದಾನದಲ್ಲಿ ಅರ್ಧ ಜನ ಗಲಾಟೆ ಮಾಡುತ್ತಾ ಎದ್ದರು. ಅರ್ಧ ಜನ ಅವರನ್ನು ಕೂತ್ಕೊಳ್ರೋ ಎಂದು ಗದರಿದರು. ತೀರ್ಥಮ್ಮ ಯಾರದೋ ಮಕ್ಕಳನ್ನು ಸರಿಸಿ ಮುಂದೆ ಬಂದು ಕೂತರು. ಆರ್ಕೆಸ್ಟ್ರಾ ಕೇಳಲು ಬೀರೂರಿನಿಂದ ಬಂದಿದ್ದ ಬಸವರಾಜಪ್ಪನವರು ಹತ್ತಿ ತಂದಿರಲಿಲ್ಲ. ಎರಡು ವರ್ಷದಿಂದ ಬೇಕಾಗಿರಲಿಲ್ಲವಲ್ಲ. ಜೇಬು ತಡಕಿ, ಟವಲಿನ ಅಂಚು ಹರಿದು ಕಿವಿಗೆ ತುರುಕಿಕೊಂಡು, ಬಹಳ ದಿನದ ಮೇಲೆ ಮುಖ ಅರಳಿಸಿ ಬೈಯತೊಡಗಿದರು.

ದಾಕ್ಷಾಯಣಮ್ಮನ ಹಲ್ಲಿಗೆ ಎಂದಿನಂತೆ ಹುಳಿ ತಗುಲಿತು. ಆ ದನಿ ಅವಳಿಗೆ ಅಂದೂ ಹಿಡಿಸಲಿಲ್ಲ, ಮುಂದೆಯೂ ಹಿಡಿಸಲಿಲ್ಲ. ಆದರೆ ಕೊನೆಯ ಸಾಲಿಗೆ ಮುಂಚೆ ಅವನು ಸುಮ್ಮನಾದಾಗ, ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಬಸ್ಸಿನಲ್ಲಿ ವಾಪಸಾಗುವಾಗ ಆ ವಿಷಯ ಗಂಡನಿಗೆ ಹೇಳಲಿಲ್ಲ. ಮೂರನೇ ಸಾಲು ಸ್ವಲ್ಪ ಬೇಗ ಹೇಳಿದಿರಿ ಎಂದಷ್ಟೇ ಹೇಳಿದಳು. ಹೌದಾ ಎಂದು ಅವನು ಗಂಭೀರವಾಗಿ ಕೇಳಿದ.

ಎಂಬತ್ತಾರರ ಹೊತ್ತಿಗೆ ಜಯದೇವಪ್ಪನ ಅಂಗಡಿಯಲ್ಲಿ ಟೀವಿ ರಿಪೇರಿಯೂ ಸೇರಿಕೊಂಡಿತ್ತು. ಹಾಡು ಮುಂದುವರಿದಿತ್ತು, ಪಂಗಡಗಳೂ ಮುಂದುವರಿದಿದ್ದವು. ಆ ವರ್ಷ ಬೀರೂರಿಗೆ ವರ್ಗವಾಗಿ ಬಂದಿದ್ದ ರೈಲ್ವೆಯ ಗಂಗಾಧರಯ್ಯನವರು ಒಂದು ಭಾನುವಾರ ಬೆಳಿಗ್ಗೆ ಮನೆ ಹುಡುಕಿಕೊಂಡು ಬಂದರು. ಅಂಗಡಿಯಿಂದ ಸಂಜೆ ಹೊತ್ತು ಬರುವ ಶಬ್ದ ಕ್ವಾರ್ಟರ್ಸಿನವರೆಗೂ ಕೇಳುತ್ತದೆ, ತಲೆನೋವು ಬರುತ್ತದೆ, ಯಜಮಾನರಿಗೆ ಸ್ವಲ್ಪ ಹೇಳಿ ಎಂದು ದಾಕ್ಷಾಯಣಮ್ಮನ ಮುಂದೆ ಬಹಳ ಮರ್ಯಾದೆಯಿಂದ ದೂರಿದರು. ಅವರ ಹಿಂದೆಯೇ ಅವರ ಹೆಂಡತಿ ಜಯಲಕ್ಷ್ಮಮ್ಮ ಏದುಸಿರು ಬಿಡುತ್ತಾ ಬಂದರು. ಇವರ ಮಾತು ಕೇಳಬೇಡಿ, ಮೊನ್ನೆಯ ನಲ್ಲಿ ಹಾಡು ಪೂರ್ತಿ ಕೇಳಲಾಗಲಿಲ್ಲ, ಮುಂದಿನ ಕಾರ್ಯಕ್ರಮ ಎಲ್ಲಿ ಎಂದು ಕೇಳಿದರು.

ದಾಕ್ಷಾಯಣಮ್ಮ ಇಬ್ಬರಿಗೂ ಕಾಫಿ ಕೊಟ್ಟಳು. ತನಗೂ ತಲೆನೋವು ಬರುತ್ತದೆ ಎಂದು ಗಂಗಾಧರಯ್ಯನವರ ಮುಂದೆ ಒಪ್ಪಿಕೊಂಡಳು. ಬರುವ ಶನಿವಾರ ತರೀಕೆರೆಯಲ್ಲಿ, ಮುಂದೆ ಕೂರಲು ಜಾಗ ಹಿಡಿದಿಡುತ್ತೇನೆ ಎಂದು ಜಯಲಕ್ಷ್ಮಮ್ಮನಿಗೆ ಹೇಳಿದಳು. ಗಂಡ ಹೆಂಡತಿ ಇಬ್ಬರೂ ಅಂಗಳ ದಾಟುವ ಮೊದಲೇ ವಾದ ಶುರುಮಾಡಿದರು. ರೈಲ್ವೆ ಗೇಟಿನ ಹತ್ತಿರ ಗೂಡ್ಸ್ ಗಾಡಿಗಾಗಿ ನಿಲ್ಲಬೇಕಾಯಿತು. ಗಾಡಿ ಧಡಧಡನೆ ಹಾಯುತ್ತಿದ್ದರೂ, ಒಬ್ಬರ ಮಾತು ಒಬ್ಬರಿಗೆ ಕೇಳದಿದ್ದರೂ, ಇಬ್ಬರೂ ಕೈ ಆಡಿಸುತ್ತಾ ಮಾತಾಡುತ್ತಲೇ ಇದ್ದರು.